ಎರಡು ಓಮ್

ದಾದಾಪೀರನ ಮಗ ಜಬೀವುಲ್ಲಾ ಬಂದಾಗ
ನಾನು ಹತ್ತು ಎಚ್‌ಪಿ ಮೋಟಾರಿನ ಹೊಟ್ಟೆಯೊಳಗಿದ್ದೆ,
ಸುಟ್ಟ ತಾಮ್ರದ ಕರುಳು ಕೀಳುತ್ತ.
ಕಾಗದ ಬಿಚ್ಚಿದ. ಗೇಣುದ್ದವೂ ಇಲ್ಲದ ಉಕ್ಕಿನ ಕೊಳವೆ.
"ಕೊಟ್ರಕ್ಕ, ಎಳೆದ್ರೆ ಸೀದ ವಾಸನೆ ಬರ್ತೈತೆ."
ಪೆನ್ನೇನೋ ಅಂದೆ. ನಕ್ಕ.
ಮಾರೋ ಹಂಗಿಲ್ಲವಂತೆ, ಯಾರೋ ಬ್ಯಾಗಿನ ತಳದಲ್ಲಿ ತಂದದ್ದಂತೆ,
ಅಪ್ಪನ ಕಿವಿಗೆ ಬೀಳಬಾರದಂತೆ.

ಬಿಚ್ಚಿದೆ. ಒಂದು ಬ್ಯಾಟರಿ, ಒಂದು ತಿರುಗಣೆ,
ಕುಂಕುಮದ ಭರಣಿಗಿಂತ ಸಣ್ಣ ಗೂಡಿನಲ್ಲಿ
ಐದು ಸುತ್ತಿನ ತಂತಿ.
ಹದಡಿ ರಸ್ತೆಯ ಈ ಅಂಗಡಿಯಲ್ಲಿ ಕೂತು
ಮೂವತ್ತು ವರ್ಷ ಕಾಯಿಲು ಸುತ್ತಿದ್ದೇನೆ,
ಇಂಥ ಎಳೆಗೂಸನ್ನು ಹಿಡಿದದ್ದಿಲ್ಲ.
ಮೀಟರ್ ಮುಟ್ಟಿಸಿದೆ: ಅರ್ಧ ಓಮ್.
ನಡುವಿನ ಹತ್ತಿ ಕಾಡಿಗೆಯಾಗಿತ್ತು.

"ವೋಲ್ಟ್ ಎಷ್ಟಕ್ಕಿಟ್ಟಿದ್ದೆ?"
"ಕೊನೇತನಕ ತಿರುವಿದ್ದೆ."
ಎಲ್ಲರೂ ಹಾಗೇ. ಬೋರಿನವರೂ, ಗಿರಣಿಯವರೂ.

ನೋಡಪ್ಪ, ನಿಮ್ಮ ಮಂಡಕ್ಕಿ ಭಟ್ಟಿ ನೆನಸಿಕೋ.
ವೋಲ್ಟ್ ಅಂದ್ರೆ ಒಲೆಗೆ ಹೊಟ್ಟು ದಬ್ಬೋ ನಿಮ್ಮಪ್ಪನ ತೋಳು.
ಓಮ್ ಅಂದ್ರೆ ಒಲೆಬಾಯಿ ಎಷ್ಟು ಇರುಕು ಅನ್ನೋದು;
ಅಗಲ ಇದ್ರೆ ಸುರೀತೈತೆ, ಇರುಕಾದ್ರೆ ತಡೆದು ತಡೆದು ಹೋಗ್ತೈತೆ.
ವ್ಯಾಟ್ ಅಂದ್ರೆ ಬಾಣಲೆಯ ಮರಳಿನ ಕಾವು.
ಕಾವು ಸಾಲದಿದ್ರೆ ಅಕ್ಕಿ ಅರಳಲ್ಲ, ಹಲ್ಲಿಗೆ ಸಿಗ್ತೈತೆ.
ಮೀರಿದ್ರೆ?
"ಸೀಯ್ತೈತೆ," ಅಂದ.
ಭಟ್ಟಿ ಮನೆಯ ಹುಡುಗ, ಅದೊಂದನ್ನು ಕಲಿಸಬೇಕಿರಲಿಲ್ಲ.

ಕರೆಂಟ್ ಬಿಲ್ಲಿನ ಬೆನ್ನ ಮೇಲೆ ಬರೆದೆ:
ನಾಲ್ಕು ವೋಲ್ಟ್, ನಾಲ್ಕು ನಾಲ್ಕಲೆ ಹದಿನಾರು,
ಅರ್ಧ ಓಮಿನಿಂದ ಭಾಗಿಸು, ಮೂವತ್ತೆರಡು ವ್ಯಾಟ್.
ನನ್ನ ಬೆಸುಗೆ ಕಡ್ಡಿ ಇಪ್ಪತ್ತೈದರದ್ದು.
ಅದಕ್ಕೂ ಹೆಚ್ಚಿನದನ್ನ ತುಟಿ ಹತ್ರ ಇಟ್ಕೊಂಡಿದ್ದೀ.
ಕಡ್ಡಿಯ ಕಡೆ ನೋಡಿದ, ಬಿಲ್ಲಿನ ಕಡೆ ನೋಡಿದ,
ಚಾ ತರ್ತೀನಿ ಅಂತ ಎದ್ದು ಹೋದ.

ಆಗ ಮಾಡಿದೆ ಆ ಕೆಲಸ.
ಹಳೇ ಡಬ್ಬಿಯಲ್ಲಿ ಅದೇ ಜಾತಿಯ ತಂತಿ ಇತ್ತು, ಅರ್ಧ ದಪ್ಪದ್ದು.
ಅದೇ ಐದು ಸುತ್ತು. ಯಾರು ಎಣಿಸಿದರೂ ಐದೇ.
ಎಳೆ ಅರ್ಧವಾದರೆ ತಡೆ ನಾಲ್ಕು ಪಟ್ಟು,
ಇದನ್ನು ನಮ್ಮ ಮಾವ ಬೈದು ಬೈದು ಕಲಿಸಿದ್ದರು.
ಎರಡು ಓಮ್. ಎಂಟು ವ್ಯಾಟ್.
ದೇವರ ಗೂಡಿನ ಜೀರೋ ಬಲ್ಬಿಗೂ ಹದಿನೈದು ಬೇಕು.
ದಾದಾಪೀರನ ಕೆಮ್ಮು ಬೆಳಗಿನ ನಾಲ್ಕಕ್ಕೆ
ನಮ್ಮ ಓಣಿ ದಾಟಿ ಭಟ್ಟಿಗೆ ಹೋಗುತ್ತದೆ, ಆಮೇಲೆ ದಾದಾಪೀರ.
ವಾರ್ನಿಷ್ ಕುಡಿದ ನನ್ನ ಎದೆಯೂ ಸುಮ್ಮನಿಲ್ಲ.
ಮೋಟಾರಾದರೆ ಬಿಚ್ಚಿ ಸುತ್ತಬಹುದು.

ಚಾ ಕುಡಿದು ಎಳೆದ. ಬಂದದ್ದು
ಎಳೆಬಿಸಿಲಿನಲ್ಲಿ ಎಮ್ಮೆ ಬಿಡುವಷ್ಟು ಉಸಿರು.
"ತೆಳು ಐತಲ್ಲಕ್ಕ."
ಹೊಸ ಕಾಯಿಲು, ಪಳಗಬೇಕು, ಅಂದೆ.
ಮಾತಿಲ್ಲದೆ ನನ್ನ ಮೀಟರ್ ಎತ್ತಿಕೊಂಡ,
ತಾನೇ ಮುಟ್ಟಿಸಿದ, ಅಂಕಿಯನ್ನು ನೋಡುತ್ತ ನಿಂತ.
ನಾನು ಲೋಟ ತೊಳೆಯುತ್ತಿದ್ದೆ, ಬಹಳ ಹೊತ್ತು.

"ಎಷ್ಟಾಯ್ತು?"
ಏನೂ ಬೇಡ ಹೋಗು.
ಮೆಟ್ಟಿಲಿಳಿಯುತ್ತ ತಿರುಗಣೆಯನ್ನು
ಕೊನೇತನಕ ತಿರುವಿಕೊಂಡೇ ಹೋದ.
ಐದಕ್ಕೆ ಮೋಟಾರಿನವರು ಬರುತ್ತಾರೆ.
ಇನ್ನೂ ಅರ್ಧ ಕರುಳು ಬಾಕಿ.