ಜಂಬಿಟ್ಟಿಗೆ ತಿರುವಿನ ಜನಸಂಖ್ಯೆ

ಶಂಕರಘಟ್ಟದ ಲ್ಯಾಬಿನಲ್ಲಿ ನನ್ನ ಸಮೀಕರಣ ಸಲೀಸಾಗಿತ್ತು:
ಎಡಕ್ಕೆ, ಇಂಟರ್ನೆಟ್ ಬಳಸುವವರು.
ಬಲಕ್ಕೆ ಓದು, ಆದಾಯ, ವಯಸ್ಸು, ಟವರಿಗಿರುವ ದೂರ.
ಬಾಣ ಒಂದೇ ದಿಕ್ಕಿಗೆ,
ಘಟ್ಟದ ನೀರು ಇಳಿದ ಹಾಗೆ.

ಹೊಸನಗರ ದಾಟಿ, ಬಸ್ಸು ಕೈಬಿಟ್ಟಲ್ಲಿಂದ ನಡೆದು
ಕಲ್ಲುಕೊಪ್ಪದ ಬಂಗಾರಮ್ಮನ ಜಗಲಿಯಲ್ಲಿ ಕೂತು
ಹನ್ನೊಂದನೇ ಪ್ರಶ್ನೆ ಕೇಳಿದೆ:
ಬಳಸುವುದಿಲ್ಲ ಎಂದಾದರೆ, ಯಾಕೆ?
ಗೊತ್ತಿಲ್ಲ. ದುಬಾರಿ. ಬೇಡ. ಇತರೆ.

ಮೀನಿನ ಹುರುಪೆ ತೆಗೆಯುತ್ತಿದ್ದವಳು ಕತ್ತಿ ನಿಲ್ಲಿಸಲಿಲ್ಲ.
"ಟವರು ಹಾಕಿ ಅಂದ್ರೆ ಗಿರಾಕಿ ಎಲ್ಲಿ ಅಂತಾರೆ.
ಗಿರಾಕಿ ಆಗಣ ಅಂದ್ರೆ ಟವರೆಲ್ಲಿ?
ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ,
ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ.
ಬರ್ಕೋ. ಇದು ಎಷ್ಟನೇ ನಂಬರು?"

ಇತರೆ, ಎಂದು ಒತ್ತಿದೆ.
ಟ್ಯಾಬಿನಲ್ಲಿ ಪುಟ್ಟ ವೃತ್ತ ತಿರುಗಿತು, ತಿರುಗುತ್ತಲೇ ಇತ್ತು.
ಸಿಗ್ನಲ್ ಇಲ್ಲದವರ ಲೆಕ್ಕವನ್ನೂ
ಸಿಗ್ನಲ್ ಇರುವಲ್ಲಿಗೆ ಹೊತ್ತೇ ಒಯ್ಯಬೇಕು.
"ತಿರುವಿಗೆ ಹೋಗು," ಅಂದಳು.

ತಿರುವು ಅಂದರೆ ಜಂಬಿಟ್ಟಿಗೆ ಕಡಿದು ಬಿಟ್ಟ ಹಳೇ ಕ್ವಾರಿ.
ಮನೆಯಿಲ್ಲ, ಬಾವಿಯಿಲ್ಲ, ಒಂದು ನಾಯಿಯೂ ಇಲ್ಲ.
ಎರಡು ಕಡ್ಡಿ ಸಿಗ್ನಲ್,
ಅದೂ ಪಡುವಣಕ್ಕೆ ಮುಖ ಮಾಡಿ ನಿಂತರೆ.
ಪಡಿತರದ ಟಾಕಪ್ಪ ತಕ್ಕಡಿ ಊರಲ್ಲೇ ಬಿಟ್ಟು
ಹೆಬ್ಬೆಟ್ಟಿನ ಯಂತ್ರ ಮಾತ್ರ ಹೊತ್ತು ಇಲ್ಲಿಗೆ ಬರುತ್ತಾನೆ.
ಸಾಲು ನಿಂತು ಒತ್ತುತ್ತಾರೆ,
ಬೆರಳ ಗೆರೆ ಸವೆದವರು ಮೂರು ಸಲ, ನಾಲ್ಕು ಸಲ,
ಆಮೇಲೆ ಅಕ್ಕಿಗೆಂದು ಮತ್ತೆ ಊರಿಗೆ ನಡೆಯುತ್ತಾರೆ.
ಆಶಾ ಯಶೋಧ ಕೂಸುಗಳ ತೂಕ ಕಳಿಸುವುದೂ ಇಲ್ಲಿಂದ.

ವರ್ಷದ ಮೇಲೆ, ಶಿವಮೊಗ್ಗದ ಕಚೇರಿಯೊಂದರಲ್ಲಿ
ಕಂಪನಿಯ ನಕ್ಷೆ ನೋಡಿದೆ.
ಬಳಕೆ ಇದ್ದಲ್ಲಿ ಕೆಂಪು.
ಕಲ್ಲುಕೊಪ್ಪ ಬಿಳಿ.
ಯಾರೂ ಇಲ್ಲದ ಕ್ವಾರಿಯ ಮೇಲೆ, ಕುಂಕುಮದ ಭರಣಿ ಉರುಳಿದಂತೆ,
ನೂರಾ ನಲವತ್ತೆರಡು ಗಿರಾಕಿ.
ಅಲ್ಲೇ ನಿಲ್ಲಿಸಿದ್ದರು ಟವರನ್ನು.

ಈಗ ತಿರುವಲ್ಲಿ ನಾಲ್ಕು ಕಡ್ಡಿ.
ಆಚೆಯ ಎರಡು ಊರವರೂ ಹತ್ತಿ ಬರುತ್ತಾರೆ. ಕೆಂಪು ಇನ್ನೂ ಗಾಢ.
ನಕ್ಷೆ ಬೀಗುತ್ತದೆ: ನೋಡಿ, ಸರಿಯಾದ ಜಾಗವೇ.
ಆ ಚುಕ್ಕೆಗಳಲ್ಲಿ ಮೂವತ್ತೇಳು
ನಾನು ಅಲ್ಲಿ ನಿಂತು ಕಳಿಸಿದ ಉತ್ತರಗಳು.
ಇಲ್ಲ, ಇಲ್ಲ, ಇಲ್ಲ ಎಂಬ ಉತ್ತರಗಳು.

ಬಾಣವನ್ನು ಈಗ ಎರಡೂ ಕಡೆಗೆ ಎಳೆಯುತ್ತೇನೆ.
ಎಡಗಡೆಯದು ಬಂದು ಬಲಗಡೆಯಲ್ಲೂ ಕೂರುತ್ತದೆ.
ಗಂಟು ಬಿಡಿಸಲು ಹೊರಗಿನದೊಂದು ಬೇಕು.
ಗೈಡ್ ಅಂದರು, ಗುಡ್ಡದ ಎತ್ತರ ಹಾಕಿ ನೋಡು:
ಗುಡ್ಡಕ್ಕೆ ಯಾರ ಹಂಗೂ ಇಲ್ಲ,
ಎಷ್ಟು ಜನ ಫೋನು ಕೊಂಡರೂ ಅದು ತಗ್ಗುವುದಿಲ್ಲ,
ಸಿಗ್ನಲ್ಲನ್ನಷ್ಟೇ ತಡೆಯುತ್ತದೆ.

ಎಷ್ಟು ಚಂದದ ಉಪಾಯ!
ಬಂಗಾರಮ್ಮನಿಗೂ ಹೇಳಿದೆ, ಬಾಣ ಬಿಡಿಸಿ ತೋರಿಸಿ.
ಅವಳು ಗುಡ್ಡವನ್ನು ನೋಡಿದಳು. ನನ್ನನ್ನು ನೋಡಿದಳು.
"ಸಿಗ್ನಲ್ ಅಷ್ಟೇನಾ ಅದು ತಡ್ದಿದ್ದು?
ಬಸ್ಸು? ಹೈಸ್ಕೂಲು?
ನನ್ನ ಎರಡನೇ ಹೆರಿಗೆಗೆ ಹೊರಟ ಜೀಪು?"

ಹಾಳೆಯಂಚಿನಲ್ಲಿ ಬರೆದುಕೊಂಡಿದ್ದೇನೆ.
ನಂಬರು ಕೊಟ್ಟಿಲ್ಲ ಇನ್ನೂ.