ಸವಕಳಿ

ತಾಮ್ರದ ಗಣಿಯ ಲೆಕ್ಕದ ಮನೆಯಲ್ಲಿ
ಹತ್ತೊಂಬತ್ತು ವರ್ಷ ಕೂಡಿಸಿದೆ, ಕಳೆದೆ.
ನಾನು ಚಿಲೇಕ್ವಾ. ಜಾಂಬಿಯಾದ ಕಾಫೂಬು ಹೊಳೆಯ
ಈಚೆ ದಂಡೆಯವನು. ಸುಳ್ಳು ಬರೆದವನು ನಾನಲ್ಲ;
ಬರೆದದ್ದನ್ನು ಎರಡನೇ ಸಲ ಮೊತ್ತ ಹಾಕಿ
ಸರಿಯಿದೆ ಎಂದು ಸಹಿ ಮಾಡಿದವನು.

ಜೂನಿನ ಚಳಿಯಲ್ಲಿ ಲಂಡನ್ನಿನಿಂದ ಮೂವರು ಬಂದರು.
ಒಳ್ಳೆಯವರೇ. ಒಬ್ಬಾಕೆ ನನ್ನ ಮಗಳಿಗೆ
ಬಣ್ಣದ ಪೆನ್ಸಿಲು ತಂದಿದ್ದಳು.
ಆಮೇಲೆ ಕೇಳಿದಳು: ನಾಲ್ಕನೇ ಬಾವಿಯ
ಎತ್ತುಯಂತ್ರಕ್ಕೆ ಆಯುಸ್ಸೆಷ್ಟು?
ನಲವತ್ತು, ಅಂದೆ.
ಹನ್ನೆರಡು ಮಾಡೋಣ, ಅಂದಳು, ಚಹಾ ಕಲಕುತ್ತ.

ಯಂತ್ರಕ್ಕೆ ಅದು ಗೊತ್ತಾಗಲಿಲ್ಲ.
ಮಾರನೆಯ ಬೆಳಗ್ಗೆ ಐದೂವರೆಗೆ
ಅರವತ್ತು ಜನರನ್ನು ಇಳಿಸಿತು,
ಸಂಜೆ ಅರವತ್ತನ್ನೂ ಎಣಿಸಿದಂತೆ ಎತ್ತಿತು.

ಹೆರಿಗೆ ಆಸ್ಪತ್ರೆ: ಖರ್ಚು.
ಬೀದಿದೀಪ ಖರ್ಚು, ಫುಟ್‌ಬಾಲ್ ಮೈದಾನದ ಹುಲ್ಲೂ ಖರ್ಚು.
ಇನ್ನು ಮೂವತ್ತು ವರ್ಷ ಹಂಚಿ ಕೊಡಬೇಕಾದ ಪಿಂಚಣಿಯನ್ನು
ಒಂದೇ ವರ್ಷದ ಎದೆಯ ಮೇಲೆ ಹೇರಿದರು.
ಊರಾಚೆ ಗುಡ್ಡದಂತೆ ಬಿದ್ದಿರುವ ಕರಿ ಕಿಟ್ಟ,
ಅದರೊಳಗೆ ಇನ್ನೂ ತಾಮ್ರವಿದೆಯೆಂದು ನಾಯಿಗೂ ಗೊತ್ತು,
ಅದಕ್ಕೆ ಸೊನ್ನೆ.
ದುಂಡಗೆ, ನನ್ನ ಕೈಬರಹದಲ್ಲೇ.

ದಿನಕ್ಕೆ ಇಷ್ಟು ಲಕ್ಷ ನುಂಗುತ್ತಿದೆ ಗಣಿ,
ಎಂದಿತು ರೇಡಿಯೊ, ವಾರವಿಡೀ.
ಮಂತ್ರಿ ಹೇಳಿದ್ದರೆ ನಗುತ್ತಿದ್ದೆವು;
ಅಂಕಿಯನ್ನು ನೋಡಿ ನಗುವುದು ಹೇಗೆ?
ಬಾರಿನಲ್ಲಿ ಕಪುಂಪೆ, ಆ ಯಂತ್ರ ಓಡಿಸುವವನೇ,
ಗ್ಲಾಸು ಕೆಳಗಿಟ್ಟು, ಯಾರಾದರೂ ಕೊಂಡುಕೊಳ್ಳಲಿ ಬಿಡು
ಪೀಡೆ ತೊಲಗಲಿ, ಅಂದ.
ಅವನ ಸಂಬಳವೂ ಆ ನುಂಗಿದ್ದರಲ್ಲೇ ಇತ್ತು.
ನಾನು ಹೇಳಬಹುದಿತ್ತು.
ನನ್ನ ಬಿಯರಿನ ದುಡ್ಡನ್ನೂ ಅವನೇ ಕೊಟ್ಟ.

ಸತ್ತ ಎಮ್ಮೆಗೆ ಹತ್ತು ಸೇರು ಹಾಲಂತೆ.
ಮಾರುವ ಎಮ್ಮೆಗೆ ಮಾತ್ರ
ತೊಟ್ಟು ಹಾಲೂ ಇಲ್ಲ, ಮೈಯೆಲ್ಲ ರೋಗ.

ಮಾರಿದರು. ಹೊಸ ಧಣಿಗಳಿಗೆ
ಮೊದಲ ವರ್ಷವೇ ಲಾಭ. ರೇಡಿಯೊಗೆ ಅಚ್ಚರಿ.
ಹನ್ನೆರಡು ಮತ್ತೆ ನಲವತ್ತಾಗಿತ್ತು, ಅಷ್ಟೆ;
ಕಿಟ್ಟದ ಸೊನ್ನೆಯ ಎಡಕ್ಕೆ
ಅಂಕಿಗಳು ಒಂದೊಂದಾಗಿ ಬಂದು ಕೂತವು.
ಆಸ್ಪತ್ರೆಗೆ ಆ ಪುಸ್ತಕದಲ್ಲಿ ಪುಟವೇ ಇರಲಿಲ್ಲ.
ನನಗೂ.

ಎತ್ತುಯಂತ್ರದ ಸದ್ದಿಗೇ ಈಗಲೂ ಎಚ್ಚರವಾಗುತ್ತೇನೆ,
ಹೋಗಲು ಎಲ್ಲಿಯೂ ಇಲ್ಲದಿದ್ದರೂ.
ಕೆಲವು ರಾತ್ರಿ ಕಿಟಕಿಯಾಚೆ
ಸೂಲಗಿತ್ತಿ ನಮೋಂಜೆ ಹಾದುಹೋಗುತ್ತಾಳೆ,
ಕತ್ತಲ ಬೀದಿಯಲ್ಲಿ ಬ್ಯಾಟರಿ ಹಿಡಿದು,
ಯಾರದೋ ಮನೆ ಹುಡುಕುತ್ತ.
ತಿರುವಿನ ತನಕ ಉರಿಸಿ, ಆರಿಸಿ, ನಡೆಯುತ್ತಾಳೆ.
ಸೆಲ್ಲು ಅವಳ ಸ್ವಂತದ್ದು.