ಕೈ ಮುಟ್ಟಿಲ್ಲ

ನಾಲ್ಕು ಮಿಲಿಮೀಟರ್ ಬಯಲು.
ಈಚೆ ದಡ ಕ್ಯಾಥೋಡು, ಆಚೆ ದಡ ಟ್ಯಾಂಟಲಮ್ಮಿನ ತಗಡು.
ನಡುವೆ ಗಾಳಿಯೂ ಇಲ್ಲ,
ಪಂಪು ರಾತ್ರಿಯಿಡೀ ಹೀರಿ ಹೀರಿ
ಶೂನ್ಯಕ್ಕೆ ಇನ್ನೊಂದು ಸೊನ್ನೆ ಸೇರಿಸಿದೆ.

ತುಮಕೂರು. ಕಾಲೇಜಿನ ಮೂರನೇ ಮಹಡಿ.
ಕಿಟಕಿಯಾಚೆ ಬಿ.ಎಚ್. ರಸ್ತೆಯ ಲಾರಿಗಳು.
ಅದೇ ಬಯಲನ್ನು ಕಂಪ್ಯೂಟರಿನೊಳಗೆ
ಚೌಕ ಚೌಕ ಕೊರೆದು ಚುಕ್ಕಿ ಇಟ್ಟಿದ್ದೇನೆ.
ಅಮ್ಮ ನೋಡಿ, ರಂಗೋಲಿಯೇನೇ? ಅಂದಳು.
ಇಟ್ಟ ಜಾಗದಲ್ಲಿ ನಿಲ್ಲಲ್ಲಮ್ಮ ಇವು.
ಹತ್ತು ಕೋಟಿ ಎಲೆಕ್ಟ್ರಾನುಗಳ ಪರವಾಗಿ
ಒಂದೇ ಚುಕ್ಕಿ ಓಡುತ್ತದೆ,
ಪಂಚಾಯ್ತಿ ಮೆಂಬರಿನ ಹಾಗೆ.

ವೋಲ್ಟೇಜು ಏರಿತು. ಹೊರಟವು.
ಮುಂದೆ ಹೋದವು ಹಿಂದಿನವನ್ನು ಹಿಂದಕ್ಕೇ ತಳ್ಳುತ್ತವೆ,
ಎಲ್ಲ ಒಂದೇ ಜಾತಿ; ಅದಕ್ಕೇ ಒಂದನ್ನೊಂದು ಸಹಿಸವು.
ಅಷ್ಟರಲ್ಲಿ ಕ್ಯಾಥೋಡಿನ ಮೈ ಬೆಂದು
ಹರಿದ ಪರಮಾಣುಗಳ ಸಾರು ಉಕ್ಕುತ್ತದೆ, ಪ್ಲಾಸ್ಮಾ,
ದಡವನ್ನೇ ಹೊತ್ತು ಮುಂದೆ ನಡೆಯುತ್ತದೆ.
ನಾಲ್ಕು ಮೂರಾಗಿ, ಮೂರು ಒಂದಾಗಿ
ದಡಕ್ಕೆ ದಡ ತಾಗಿತೋ, ಮುಗಿಯಿತು:
ಎಕ್ಸ್-ರೇ ಸತ್ತಿತು.
ಗುಂಡು ತಗಡನ್ನು ತೂರುವ ಆ ಕ್ಷಣ
ಫಿಲ್ಮಿನ ಮೇಲೆ ಬರೀ ಮಂಜು.

ನನ್ನ ಲೆಕ್ಕದಲ್ಲಿ ಅದಕ್ಕೆ ಎಪ್ಪತ್ತು ನ್ಯಾನೋಸೆಕೆಂಡು ಬೇಕು.
ಕೆಳಗಿನ ಲ್ಯಾಬಿನ ಯಂತ್ರಕ್ಕೆ ನಲವತ್ತಮೂರು.
ಪ್ರತಿ ಸಲ ನಲವತ್ತಮೂರು.

ಚೌಕ ಸಣ್ಣದು ಮಾಡಿದೆ. ಹೆಜ್ಜೆ ಸಣ್ಣದು ಮಾಡಿದೆ.
ಬೌಂಡರಿ ನೋಡಮ್ಮಾ, ಅಂದರು ಗೈಡು. ನೋಡಿದೆ.
ಆಷಾಢ ಕಳೆಯಿತು.
ಇಪ್ಪತ್ತೇಳು ನ್ಯಾನೋಸೆಕೆಂಡು
ಚೀಟಿ ದುಡ್ಡಿನ ಹಾಗೆ ಯಾರ ಕೈ ಸೇರಿತೋ.

ಹೊಸ ಕ್ಯಾಥೋಡು ತರಲು ಹಿರೇಹಳ್ಳಿಯ ಶೆಡ್ಡಿಗೆ ಹೋದೆ.
ಗಂಗಹನುಮಯ್ಯ ಲೇತು ನಿಲ್ಲಿಸಿ
ಇನ್ನೂ ಬಿಸಿಯಿದ್ದ ಬಿಲ್ಲೆಯನ್ನು ಬೆಳಕಿಗೆ ಹಿಡಿದು
ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು,
ಒಂದು ಸುತ್ತು, ನಿಧಾನ,
ಕೂಸಿಗೆ ಹಲ್ಲು ಬಂತಾ ಎಂದು ಒಸಡು ಮುಟ್ಟುವ ಹಾಗೆ.
"ಎಲ್ಲೂ ತರಿ ಇಲ್ಲ ಕಣವ್ವ. ಕೈಗೇ ಗೊತ್ತಾಗ್ತದೆ."

ಬಸ್ಸಿನಲ್ಲಿ, ಕ್ಯಾತ್ಸಂದ್ರ ದಾಟುವಾಗ, ಹೊಳೆಯಿತು:
ನನ್ನ ಕಂಪ್ಯೂಟರಿನ ಕ್ಯಾಥೋಡನ್ನು
ಯಾರೂ ಮುಟ್ಟಿಲ್ಲ.
ಅದರ ಮೇಲೆ ಯಾರ ಉಸಿರೂ ಬಿದ್ದಿಲ್ಲ.

ಅವತ್ತು ರಾತ್ರಿ ಒಂದು ಸಾಲು ಸೇರಿಸಿದೆ:
ಮೇಲ್ಮೈಯಲ್ಲಿ ನೀರು, ಜಿಡ್ಡು, ಕೆಲವೇ ಅಣುಗಳ ದಪ್ಪ.
ಬೆವರಿನೊಳಗಿನ ಹೈಡ್ರೋಜನ್ನು, ಎಲ್ಲಕ್ಕಿಂತ ಹಗುರ,
ಎಲ್ಲಕ್ಕಿಂತ ಮೊದಲು ಆಚೆ ದಡ ಮುಟ್ಟಿತು.
ನಲವತ್ತನಾಲ್ಕು.
ಒಂದು ಇನ್ನೂ ಸಿಕ್ಕಿಲ್ಲ. ಇರಲಿ.

ವಿಷಯ ಹೇಳಿದ್ದಕ್ಕೆ ಗಂಗಹನುಮಯ್ಯ ನೊಂದುಕೊಂಡರು.
ಮುಂದಿನ ಬಿಲ್ಲೆ ಬಂದದ್ದು
ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು, ಪೇಪರಿನಲ್ಲಿ ಒಂದು ಸುತ್ತು.
ಮೇಲೆ ದಪ್ಪ ಪೆನ್ನಿನಲ್ಲಿ: ಕೈ ಮುಟ್ಟಿಲ್ಲ.
ಪಕ್ಕದಲ್ಲೇ ಗ್ರೀಸಿನ ಹೆಬ್ಬೆಟ್ಟು,
ಗೆರೆ ಗೆರೆ ಎಣಿಸಬಹುದು.

ಬಿಲ್ಲೆ ತೊಳೆದೆ, ಕಾಯಿಸಿದೆ.
ಆ ಸಾಲನ್ನು ಮಾತ್ರ ಅಳಿಸಲಿಲ್ಲ.